ಕೆಂಪು ಪೆನ್ನಿನ ಪುರಾಣ

ಒಬ್ಬೊಬ್ಬರಿಗೆ ಒಂದೊಂದು ಕಿರಿಕಿರಿ. ನಮ್ಮತ್ತೆಯವರಿಗೆ ನಲ್ಲಿಯಿಂದ ನೀರು ತೊಟ್ಟಿಕ್ಕುವ ಸದ್ದು ಕೇಳಿದರೆ ರಾತ್ರಿಯಿಡೀ ನಿದ್ದೆ ಬರುತ್ತಿರಲಿಲ್ಲ. ನಮ್ಮವರಿಗೆ ದಿನಪತ್ರಿಕೆಯನ್ನು ತಮಗಿಂತ ಮೊದಲು ಯಾರಾದರೂ ಬಿಡಿಸಿ ಓದಿಬಿಟ್ಟರೆ ಕಾಫಿ ರುಚಿಸುವುದಿಲ್ಲ. ನನ್ನ ಕಿರಿಕಿರಿ ಇವೆರಡಕ್ಕಿಂತ ದೊಡ್ಡದು. ಅದು ಮನೆಯೊಳಗೆ ಇರುವುದಿಲ್ಲ, ಬೀದಿಬೀದಿಯಲ್ಲೂ ನನ್ನನ್ನು ಕಾದು ನಿಂತಿರುತ್ತದೆ. ಇಂಗ್ಲಿಷಿನ ತಪ್ಪು ಕಂಡರೆ ನನಗೆ ತಡೆಯಲಾಗುವುದಿಲ್ಲ.

ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು ನಾನು. ಕೆಲಸ ಬಿಟ್ಟಿತು, ಕೆಂಪು ಪೆನ್ನು ಬಿಡಲಿಲ್ಲ. ವ್ಯಾನಿಟಿ ಬ್ಯಾಗಿನಲ್ಲಿ ಕರವಸ್ತ್ರ, ಬೀಗದ ಕೈ, ಬಿಪಿ ಮಾತ್ರೆಗಳ ಜೊತೆಗೆ ಅದೂ ಒಂದು ಇದ್ದೇ ಇರುತ್ತದೆ. ಮದುವೆಯ ಕರೆಯೋಲೆ ಬಂತೆನ್ನಿ, ಮುಹೂರ್ತ ಎಷ್ಟು ಹೊತ್ತಿಗೆ, ಛತ್ರ ಯಾವುದು ಎಂದು ನೋಡುವ ಮೊದಲೇ ನನ್ನ ಕಣ್ಣು ಕೊನೆಯ ಸಾಲಿಗೆ ಓಡುತ್ತದೆ. ‘ವಿತ್ ಬೆಸ್ಟ್ ಕಾಂಪ್ಲಿಮೆಂಟ್ಸ್’ ಎಂಬಲ್ಲಿ ನಡುವೆ ‘ಐ’ ಇರಬೇಕು. ಅದರ ಬದಲು ‘ಇ’ ಇದ್ದರೆ ಶುಭಕೋರಿಕೆ ಹೋಗಿ, ಒಂದಕ್ಕೆ ಇನ್ನೊಂದು ಪೂರಕ ಎಂಬ ಅರ್ಥ ಬಂದುಬಿಡುತ್ತದೆ. ಒಮ್ಮೆ ಹೀಗೆ ತಿದ್ದಿದ ಕರೆಯೋಲೆ ಟೀಪಾಯಿಯ ಮೇಲೆಯೇ ಉಳಿದುಹೋಗಿ, ಕೊಟ್ಟು ಹೋಗಿದ್ದ ನೆಂಟರೇ ಮರೆತ ಕೊಡೆಗಾಗಿ ವಾಪಸು ಬಂದಾಗ ಅವರ ಕಣ್ಣಿಗೆ ಬಿತ್ತು. ಆ ಮದುವೆಯಲ್ಲಿ ನಮಗೆ ತಾಂಬೂಲ ಸಿಕ್ಕಿತು, ಮಾತು ಸಿಗಲಿಲ್ಲ. ಅಂದಿನಿಂದ ಕರೆಯೋಲೆಗಳನ್ನೆಲ್ಲ ನಮ್ಮವರೇ ಮೊದಲು ಇಸಿದುಕೊಂಡು ತಮ್ಮ ಕಪಾಟಿನಲ್ಲಿ ಇಟ್ಟುಬಿಡುತ್ತಾರೆ.

ಪೇಟೆಗೆ ಹೊರಟರೆ ಇನ್ನೊಂದು ಕಥೆ. ಪೆನ್ನು ಪುಸ್ತಕ ಮಾರುವ ಸ್ಟೇಷನರಿ ಅಂಗಡಿಯ ಹೆಸರು ‘ಇ, ಆರ್, ವೈ’ ಎಂದು ಮುಗಿಯಬೇಕು. ‘ಎ, ಆರ್, ವೈ’ ಎಂದು ಬರೆದರೆ ಅದು ನಿಂತಲ್ಲೇ ನಿಂತ ಅಂಗಡಿ. ಟ್ಯೂಷನ್ ಹೇಳಿಕೊಡುವವರ ಬೋರ್ಡಿನಲ್ಲೇ ‘ಯು’ ಮುಂದಿನ ‘ಐ’ ಕಾಣೆಯಾಗಿರುತ್ತದೆ. ಬಿಯರ್ ಅಂಗಡಿಯವರು ಒಂದು ‘ಇ’ ತೆಗೆದು ‘ಎ’ ಸೇರಿಸಿ, ಪಾಪ, ಕರಡಿ ಮಾರುತ್ತಿರುತ್ತಾರೆ. ಇವನ್ನೆಲ್ಲ ಮನೆಗೆ ಬಂದು ಹೇಳಿ ನಾನು ನಗುತ್ತಿದ್ದೆ. ನಗುವಿನ ಅಡಿಯಲ್ಲಿ ಒಂದು ಹೆಮ್ಮೆಯೂ ಇತ್ತು ಎಂಬುದನ್ನು ಈಗ ಮುಚ್ಚಿಡಲಾರೆ. ತಪ್ಪು ಹಿಡಿಯುವವಳಿಗೆ ತಾನು ಆ ತಪ್ಪು ಮಾಡುವವರ ಸಾಲಿನಲ್ಲಿಲ್ಲ ಎಂಬ ಸಮಾಧಾನ ಸಿಗುತ್ತದಲ್ಲ, ಅದು.

ಈ ಹೆಮ್ಮೆಗೆ ಮೊದಲ ಪೆಟ್ಟು ಕೊಟ್ಟವಳು ನನ್ನ ರವಿಕೆ ಹೊಲಿಯುವವಳು. ನಮ್ಮ ಶಿವಮೊಗ್ಗದಲ್ಲೇ, ನಮ್ಮ ಮನೆಯಿಂದ ಎರಡು ತಿರುವು ದಾಟಿದರೆ ಅವಳ ಪುಟ್ಟ ಅಂಗಡಿ. ಅದರ ಮೇಲೆ ಇಂಗ್ಲಿಷಿನಲ್ಲಿ ‘ಲೇಡೀಸ್ ಟೈಲರ್’ ಎಂಬ ಬೋರ್ಡು. ಟೈಲರ್ ಎಂಬಲ್ಲಿ ‘ಓ’ ಇರಬೇಕಾದ ಜಾಗದಲ್ಲಿ ‘ಇ’. ರವಿಕೆ ಕೊಡಲು ಹೋದಾಗಲೊಮ್ಮೆ, ತರಲು ಹೋದಾಗಲೊಮ್ಮೆ, “ಅದೊಂದು ಅಕ್ಷರ ಸರಿ ಮಾಡಿಸೇ ಮಾರಾಯ್ತಿ” ಎಂದು ನಾನು ಹೇಳುವುದು, ಅವಳು “ಹೂಂ ಟೀಚರೇ” ಎನ್ನುವುದು ನಡೆದೇ ಇತ್ತು. ಒಂದು ದಿನ ಅವಳು ಕತ್ತರಿ ಕೆಳಗಿಟ್ಟು ನಗುತ್ತಲೇ ಹೇಳಿದಳು:

“ಟೀಚರೇ, ಈ ಬೋರ್ಡ್ ಹಾಕಿ ಎಂಟು ವರ್ಷ ಆಯ್ತು. ಅದನ್ನ ನೋಡಿ ಇದು ಟೈಲರ್ ಅಂಗಡಿ ಅಲ್ಲ ಅಂತ ಒಬ್ರೂ ವಾಪಸ್ ಹೋಗಿಲ್ಲ. ತೋಳು ಅರ್ಧ ಇಂಚು ಬಿಗಿಯಾದ್ರೆ ಬಿಚ್ಚಿ ಹೊಲಿದುಕೊಡ್ತೀನಿ. ನಿಮ್ಮ ರವಿಕೇಲಿ ಯಾವತ್ತಾದ್ರೂ ತಪ್ಪು ಬಂದಿದ್ಯಾ?”

ಬಂದಿರಲಿಲ್ಲ. ಬೋರ್ಡು ಮತ್ತೆ ಬರೆಸಲು ಎಷ್ಟು ಖರ್ಚಾಗುತ್ತದೆ ಎಂದು ನಾನು ಯಾವತ್ತೂ ಕೇಳಿರಲೂ ಇಲ್ಲ. ಸುಮ್ಮನೆ ಮನೆಗೆ ಬಂದೆ. ಆದರೆ ಆ ಮಾತು ನನ್ನ ಜೊತೆಗೇ ಬಂತು. ಮೂವತ್ತೊಂದು ವರ್ಷ ಯಾವುದನ್ನು ತಪ್ಪು ಎಂದು ಸುತ್ತುಹಾಕಿದೆನೋ ಅದನ್ನೆಲ್ಲ ಮತ್ತೊಮ್ಮೆ ನೋಡುವ ಹಾಗಾಯಿತು.

ಫೋನಿನಲ್ಲಿ ನಮ್ಮ ಜನ “ಐ ಆ್ಯಮ್ ಇನ್ ಹೋಮ್ ಓನ್ಲಿ” ಎಂದಾಗ ನಾನು ಹಲ್ಲು ಕಚ್ಚುತ್ತಿದ್ದೆ. ಆ ‘ಓನ್ಲಿ’ ಎಲ್ಲಿಂದ ಬಂತು ಹೇಳಿ? “ಮನೇಲೇ ಇದ್ದೀನಿ” ಎಂಬ ನಮ್ಮ ಮಾತಿನ ಕೊನೆಯ ಏಕಾರದಿಂದ. ಎಷ್ಟು ಚೊಕ್ಕದಾದ ಏಕಾರ ಅದು! ಬೇರೆಲ್ಲೂ ಅಲ್ಲ, ಇಲ್ಲೇ. ಬೇರೆ ಯಾರೂ ಅಲ್ಲ, ಇವಳೇ. ಇದೇ ಕೆಲಸವನ್ನು ಇಂಗ್ಲಿಷಿನವರು ಸಾಮಾನ್ಯವಾಗಿ ದನಿಯನ್ನು ಒತ್ತಿ ಮಾಡುತ್ತಾರೆ. ನಮ್ಮವರಿಗೆ ಅದು ಸಾಲದು, ಏಕಾರದ ಜಾಗಕ್ಕೆ ಒಂದು ಪದ ಬೇಕು. ಕೈಗೆ ಸಿಕ್ಕಿದ ‘ಓನ್ಲಿ’ಯನ್ನು ತಂದು ಅಲ್ಲಿ ಕೂರಿಸುತ್ತಾರೆ. ‘ಡಿಸ್ಕಸ್ ಅಬೌಟ್’ ಎನ್ನುವುದೂ ಹಾಗೆಯೇ. ಇಂಗ್ಲಿಷಿನಲ್ಲಿ ‘ಡಿಸ್ಕಸ್’ ಎಂದರೆ ಸಾಕು, ‘ಅಬೌಟ್’ ಬೇಡ. ಆದರೆ ನಾವು ಯಾವುದೇ ವಿಷಯದ ‘ಬಗ್ಗೆ’ ಚರ್ಚೆ ಮಾಡುವವರು. ಆ ‘ಬಗ್ಗೆ’ಯನ್ನು ದಾರಿಯಲ್ಲಿ ಎಲ್ಲಿ ಬಿಟ್ಟು ಹೋಗುವುದು? ‘ಟೆನ್ ಬುಕ್’ ಎಂದು ಬರೆದ ಮಕ್ಕಳ ಅಂಕ ನಾನು ಎಷ್ಟು ಕಿತ್ತಿದ್ದೇನೋ ಲೆಕ್ಕವಿಲ್ಲ. ನಾವು ಅಂಗಡಿಗೆ ಹೋಗಿ ‘ಹತ್ತು ಪುಸ್ತಕ ಕೊಡಿ’ ಎನ್ನುತ್ತೇವೆಯೇ ಹೊರತು ‘ಹತ್ತು ಪುಸ್ತಕಗಳನ್ನು ಕೊಡಿ’ ಎಂದು ಎಷ್ಟು ಜನ ಹೇಳುತ್ತೇವೆ? ಹತ್ತು ಎಂದ ಮೇಲೆ ಒಂದಕ್ಕಿಂತ ಹೆಚ್ಚು ಎಂದು ಗೊತ್ತಾಯಿತಲ್ಲ, ಇನ್ನೊಮ್ಮೆ ಹೇಳುವುದೇಕೆ ಎಂಬುದು ಕನ್ನಡದ ಜಾಣತನ.

ಎಲ್ಲಕ್ಕಿಂತ ಸೊಗಸು ‘ಕಸಿನ್ ಬ್ರದರ್’. ಇಂಗ್ಲಿಷಿನವರಿಗೆ ಅಪ್ಪನ ಅಣ್ಣನ ಮಗ, ಅಮ್ಮನ ತಂಗಿಯ ಮಗ, ಸೋದರತ್ತೆಯ ಮಗ, ಸೋದರಮಾವನ ಮಗಳು, ಎಲ್ಲರೂ ಬರೀ ಕಸಿನ್. ಗಂಡೋ ಹೆಣ್ಣೋ ಎಂಬುದೂ ಆ ಪದದಿಂದ ತಿಳಿಯುವುದಿಲ್ಲ. ನಮ್ಮಲ್ಲಿ ಹಾಗೆಂದರೆ ನಡೆಯುತ್ತದೆಯೇ? ದೊಡ್ಡಪ್ಪನ ಮಗ ಅಣ್ಣ, ಚಿಕ್ಕಮ್ಮನ ಮಗ ತಮ್ಮ. ಸೋದರಮಾವನ ಮಗ ಮಾತ್ರ ಬೇರೆ. ನಮ್ಮ ಎಷ್ಟೋ ಮನೆಗಳಲ್ಲಿ ಅವನನ್ನು ಮದುವೆಯಾಗುವ ಪದ್ಧತಿಯೇ ಇದೆ. ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗನ ಜೊತೆ ಮಾತನಾಡುತ್ತ ನಿಂತ ಹುಡುಗಿ “ಇವನು ನನ್ನ ಕಸಿನ್ ಬ್ರದರ್” ಎಂದರೆ, ಆ ‘ಬ್ರದರ್’ ಎಂಬ ಒಂದು ಪದದಲ್ಲಿ ಅವಳ ಮಾನವೂ ನೋಡುವವರ ನೆಮ್ಮದಿಯೂ ಅಡಗಿರುತ್ತವೆ. ನಾನೋ, ಅದು ಅನವಶ್ಯಕ ಪದವೆಂದು ಗೀಟು ಹಾಕುತ್ತಿದ್ದೆ!

ಇವೆಲ್ಲ ಇಂಗ್ಲಿಷಿಗೆ ತಪ್ಪು, ನಿಜ. ಆದರೆ ಬುದ್ಧಿಯಿಲ್ಲದ ತಪ್ಪುಗಳಲ್ಲ. ಕೆಳಗೆ ಒಂದು ಕನ್ನಡ ವಾಕ್ಯ ನೆಟ್ಟಗೆ ನಿಂತಿರುತ್ತದೆ, ಅದರ ಮೇಲೆ ಇಂಗ್ಲಿಷಿನ ಅಂಗಿ ಹಾಕಿರುತ್ತಾರೆ. ಅಂಗಿ ಸರಿಹೊಂದದಿದ್ದರೆ ನಾನು ಬೈದದ್ದು ಮೈಯನ್ನು. “ಕನ್ನಡದಲ್ಲಿ ಇದು ಹೀಗೆ, ಅವರಲ್ಲಿ ಹಾಗೆ, ವ್ಯತ್ಯಾಸ ನೋಡಿಕೋ” ಎಂದು ಒಂದು ಮಾತು ಹೇಳಿದ್ದರೆ ಎಷ್ಟೋ ಮಕ್ಕಳು ಬೇಗ ಕಲಿಯುತ್ತಿದ್ದರು. ತರಗತಿಯಲ್ಲಿ ಕನ್ನಡ ಬಾಯಿಗೆ ಬರಬಾರದು ಎಂಬ ಹಟದಲ್ಲಿ ನಾನು ಆ ಮಾತನ್ನು ಹೇಳಲೇ ಇಲ್ಲ.

ಇನ್ನು ಇಂಗ್ಲಿಷ್ ಎಂಬ ಆ ಮಹಾರಾಣಿಯ ಪೂರ್ವಾಶ್ರಮವನ್ನಾದರೂ ನೋಡಿ. ಬೇರೆಲ್ಲಿಗೂ ಹೋಗುವುದು ಬೇಡ, ಅಡುಗೆಮನೆಗೇ ಬನ್ನಿ. ನಾವು ಕಟ್ಟಿಕೊಳ್ಳುವ ‘ಏಪ್ರನ್’ ಮೊದಲು ‘ನೇಪ್ರನ್’ ಆಗಿತ್ತು. ‘ಎ ನೇಪ್ರನ್’ ಎನ್ನುವುದನ್ನು ಜನ ‘ಆ್ಯನ್ ಏಪ್ರನ್’ ಎಂದು ತಪ್ಪಾಗಿ ಒಡೆದು ಕೇಳಿಸಿಕೊಂಡರು, ‘ನ’ಕಾರ ಕಳಚಿಬಿತ್ತು. ಬಟಾಣಿಗೆ ಹಿಂದೆ ‘ಪೀಸ್’ ಎಂಬುದೇ ಏಕವಚನ. ಕೊನೆಯ ‘ಸ್’ ಬಹುವಚನದ್ದು ಇರಬೇಕೆಂದು ತಿಳಿದು ಜನ ಅದನ್ನು ತೆಗೆದು ‘ಪೀ’ ಎಂಬ ಹೊಸ ಪದವನ್ನೇ ಹುಟ್ಟಿಸಿದರು. ಆರೆಂಜ್ ಎಂಬುದು ನಮ್ಮ ನಾರಂಗದ ವಂಶದ್ದೇ. ದೇಶದಿಂದ ದೇಶಕ್ಕೆ ಹೋಗುವ ದಾರಿಯಲ್ಲಿ ಮೊದಲ ಅಕ್ಷರ ಕಳೆದುಕೊಂಡಿತು. ಸಾಲ ಎಂಬರ್ಥದ ‘ಡೆಟ್’ ಪದದಲ್ಲಿ ಯಾರೂ ಉಚ್ಚರಿಸದ ಒಂದು ‘ಬಿ’ ಇದೆ. ಫ್ರೆಂಚಿನಿಂದ ಬಂದಾಗ ಅದು ಇರಲಿಲ್ಲ. ಲ್ಯಾಟಿನ್ ಮೂಲ ಎದ್ದು ಕಾಣಲಿ ಎಂದು ಪಂಡಿತರು ಆಮೇಲೆ ತುರುಕಿದ್ದು. ‘ಐಲೆಂಡ್’ನ ‘ಎಸ್’ ಅಂತೂ ಶುದ್ಧ ಅಪಾರ್ಥದಿಂದ ಬಂದದ್ದು. ಆ ಪದಕ್ಕೂ ಲ್ಯಾಟಿನ್ನಿಗೂ ಸಂಬಂಧವೇ ಇಲ್ಲ. ಜನಸಾಮಾನ್ಯರು ತಪ್ಪಿದರೆ ಅಕ್ಷರ ಉದುರುತ್ತದೆ, ಪಂಡಿತರು ತಪ್ಪಿದರೆ ಅಕ್ಷರ ಸೇರುತ್ತದೆ, ಅಷ್ಟೇ ವ್ಯತ್ಯಾಸ. ಇವೆಲ್ಲವನ್ನೂ 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ನರ ನಿಘಂಟು ಬಂದ ಮೇಲೆ ನಾವು ‘ಕರೆಕ್ಟ್ ಸ್ಪೆಲ್ಲಿಂಗ್’ ಎಂದು ಬಾಯಿಪಾಠ ಮಾಡುತ್ತ ಬಂದಿದ್ದೇವೆ. ಈ ಗೊಂದಲಕ್ಕೆ ರೋಸಿಹೋದ ಬರ್ನಾರ್ಡ್ ಷಾ ಇಂಗ್ಲಿಷಿಗೆ ಹೊಸ ಲಿಪಿಯನ್ನೇ ಮಾಡಿಸಬೇಕೆಂದು ಉಯಿಲಿನಲ್ಲಿ ಹಣ ಬಿಟ್ಟುಹೋದರು. ಆ ಲಿಪಿಯಲ್ಲಿ ಅವರ ಒಂದು ನಾಟಕ 1962ರಲ್ಲಿ ಅಚ್ಚಾಯಿತು. ಲಿಪಿ ಮಾತ್ರ ಬಳಕೆಗೆ ಬರಲಿಲ್ಲ.

ಅವರ ನಾಡಿನಲ್ಲೂ ಬೋರ್ಡಿನ ತಪ್ಪುಗಳಿಗೆ ಬರವಿಲ್ಲ. ಬೇಡದ ಕಡೆ ಅಪಾಸ್ಟ್ರಫಿ ಹಾಕುವುದಕ್ಕೆ ಇಂಗ್ಲೆಂಡಿನಲ್ಲಿ ‘ಗ್ರೀನ್‌ಗ್ರೋಸರ್ಸ್ ಅಪಾಸ್ಟ್ರಫಿ’ ಎಂಬ ಹೆಸರೇ ಇದೆ. ಅಂದರೆ ತರಕಾರಿ ಮಾರುವವರ ಅಪಾಸ್ಟ್ರಫಿ. ನೋಡಿದಿರಾ, ಅಲ್ಲಿಯೂ ನಗೆಗೆ ಸಿಕ್ಕಿದವರು ತರಕಾರಿಯವರೇ. 2003ರಲ್ಲಿ ಲಿನ್ ಟ್ರಸ್ ಎಂಬ ಬ್ರಿಟಿಷ್ ಲೇಖಕಿ ಇಂಥ ಚಿಹ್ನೆಗಳ ತಪ್ಪನ್ನು ಒಂದಿಷ್ಟೂ ಸಹಿಸಬಾರದು ಎಂದು ‘ಈಟ್ಸ್, ಶೂಟ್ಸ್ ಆ್ಯಂಡ್ ಲೀವ್ಸ್’ ಎಂಬ ಪುಸ್ತಕ ಬರೆದರು. ಅದು ಲಕ್ಷಗಟ್ಟಲೆ ಮಾರಾಟವಾಯಿತು. ಓದುವಾಗ ನನ್ನ ಅಕ್ಕನೋ ತಂಗಿಯೋ ಸಿಕ್ಕಷ್ಟು ಖುಷಿಯಾಗಿತ್ತು ನನಗೆ. ಮರುವರ್ಷ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಲೂಯಿ ಮೆನಾಂಡ್ ಎಂಬ ವಿಮರ್ಶಕರು ಆ ಪುಸ್ತಕದೊಳಗೇ ಇದ್ದ ಚಿಹ್ನೆಗಳ ತಪ್ಪುಗಳನ್ನು ಒಂದೊಂದಾಗಿ ಎತ್ತಿ ತೋರಿಸಿದರು. ತಪ್ಪು ಹಿಡಿಯುವವರ ಹಣೆಬರಹವೇ ಅಷ್ಟು.

ದೂರದ ಮಾತೇಕೆ, ನಮ್ಮೂರಿನ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷರ ನಾಲಗೆಗೆ ಶಿವಮೊಗ್ಗ ಹೊರಳಲಿಲ್ಲ, ‘ಶಿಮೊಗ’ ಎಂದು ಬರೆದುಕೊಂಡರು. ಬಳ್ಳಾರಿಗೆ, ತುಮಕೂರಿಗೆ, ಬೆಳಗಾವಿಗೆ ಇದೇ ಗತಿ. ಆ ತಪ್ಪು ಸ್ಪೆಲ್ಲಿಂಗುಗಳು ದಾಖಲೆಗೆ ಹೋದವು, ರೈಲ್ವೆ ನಿಲ್ದಾಣದ ಬೋರ್ಡಿಗೆ ಹೋದವು, ನನ್ನ ಅಂಕಪಟ್ಟಿಗೂ ಹೋದವು. 2014ರ ನವೆಂಬರ್ 1ರಂದು ಬೆಂಗಳೂರೂ ಸೇರಿ ಹನ್ನೆರಡು ಊರುಗಳ ಇಂಗ್ಲಿಷ್ ಸ್ಪೆಲ್ಲಿಂಗನ್ನು ಅಧಿಕೃತವಾಗಿ ತಿದ್ದಿದರು. ಅಷ್ಟು ಕಾಲ ನಾನೇ ಕರಿಹಲಗೆಯ ಮೇಲೆ ‘ಶಿಮೊಗ’ ಎಂದು ಬರೆದಿದ್ದೇನೆ. ನನ್ನ ಕೆಂಪು ಪೆನ್ನಿಗೆ ಅದು ತಪ್ಪೆಂದು ಒಂದು ದಿನವೂ ಹೊಳೆಯಲಿಲ್ಲ. ದೊಡ್ಡವರು ಮಾಡಿದ ತಪ್ಪು ರೂಢಿಯಾಗುತ್ತದೆ, ಚಿಕ್ಕವರು ಮಾಡಿದ ತಪ್ಪು ತಪ್ಪಾಗಿಯೇ ಉಳಿಯುತ್ತದೆ.

ಎರಡನೆಯ ಪೆಟ್ಟು ಕಳೆದ ವರ್ಷದ್ದು. ನಮ್ಮ ಟೈಲರ್‌ಳ ಮಗಳು ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದು ಪಾಸಾದಳು. ಸಂತೋಷಕ್ಕೆ ಒಂದು ಇಂಗ್ಲಿಷ್ ನಿಘಂಟು ಕೊಂಡುಕೊಟ್ಟೆ. ಮೊದಲ ಪುಟದಲ್ಲಿ ನನ್ನ ದುಂಡು ಅಕ್ಷರದಲ್ಲಿ ‘ಹಾರ್ಧಿಕ ಶುಭಾಷಯಗಳು’ ಎಂದು ಬರೆದಿದ್ದೆ. ತಾಯಿ ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತಗ್ಗಿದ ದನಿಯಲ್ಲಿ, “ಟೀಚರೇ, ತಪ್ಪು ತಿಳ್ಕೋಬೇಡಿ. ಹಾರ್ದಿಕದ ‘ದ’ಕ್ಕೆ ಹೊಟ್ಟೆ ಸೀಳೋದು ಬೇಡ ಅಲ್ವಾ? ಶುಭಾಶಯ ಅಂದ್ರೆ ಶುಭ ಆಶಯ ತಾನೇ? ಅಲ್ಲಿ ‘ಷ’ ಬರಲ್ಲ ಅನ್ಸುತ್ತೆ” ಎಂದಳು.

ನನ್ನ ಕಿವಿ ಬಿಸಿಯಾಯಿತು. ಎರಡು ಪದ, ಎರಡು ತಪ್ಪು. ಅದೂ ಎಷ್ಟು ವರ್ಷದಿಂದ! ಹಬ್ಬಕ್ಕೆ, ಮದುವೆಗೆ, ನಾಮಕರಣಕ್ಕೆ, ಫೋನಿನ ಸಂದೇಶಗಳಲ್ಲಿ ಎಷ್ಟು ಜನರಿಗೆ ಹೀಗೆ ಬರೆದಿರಬೇಡ ನಾನು! ಒಬ್ಬರೂ ತಿದ್ದಿರಲಿಲ್ಲ. ತಿದ್ದುವುದಿರಲಿ, ಒಬ್ಬರಿಗೂ ಕಿರಿಕಿರಿ ಆಗಿರಲಿಲ್ಲ. ಇಂಗ್ಲಿಷಿನಲ್ಲಿ ಒಂದು ಅಕ್ಷರ ಜಾರಿದರೆ ನಾಚಿ ಸಾಯುವ ನಾವು ಕನ್ನಡದಲ್ಲಿ ಎರಡು ಜಾರಿದರೂ “ಅರ್ಥವಾದರೆ ಸಾಕು ಬಿಡಿ” ಎನ್ನುತ್ತೇವೆ. ಹಾಗಾದರೆ ನನ್ನದು ಶುದ್ಧ ಭಾಷೆಯ ಮೇಲಿನ ಪ್ರೀತಿ ಎಂದು ಹೇಳಿಕೊಳ್ಳುವುದು ಹೇಗೆ?

“ನೀನೆಲ್ಲಿ ಕಲಿತೆ ಇಷ್ಟು ಚೊಕ್ಕ ಕನ್ನಡ?” ಎಂದು ಕೇಳಿದೆ. ಅವಳು ಕಲಿತದ್ದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ. ಆಗ ಅಲ್ಲಿ ಐದನೆಯ ತರಗತಿಗೆ ಬಂದ ಮೇಲೆಯೇ ಎಬಿಸಿಡಿ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ 125ಕ್ಕೆ 112 ಬಂತು. ಇಂಗ್ಲಿಷಿನಲ್ಲಿ ಆರು ಅಂಕ ಸಾಲದೆ ಫೇಲಾದಳು. ಮತ್ತೊಮ್ಮೆ ಕಟ್ಟಿದಾಗಲೂ ಅದೇ ಕಥೆ. “ಓದಿದ್ದು ಸಾಕು ಅಂತ ಅಪ್ಪ ಹೊಲಿಗೆ ಕ್ಲಾಸಿಗೆ ಹಾಕಿದ್ರು. ಇಲ್ದಿದ್ರೆ ನಾನೂ ಕನ್ನಡ ಟೀಚರ್ ಆಗ್ಬೇಕು ಅಂತಿದ್ದೆ” ಎಂದು ಹೇಳಿ, ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸತೊಡಗಿದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಎಷ್ಟೋ ವರ್ಷ ಹೋದವಳು ನಾನು. ಉತ್ತರಪತ್ರಿಕೆಯ ಮೇಲೆ ಹೆಸರಿರುವುದಿಲ್ಲ, ನಂಬರು ಮಾತ್ರ. ಬೇಸಗೆಯ ಸೆಕೆಯಲ್ಲಿ ಬಂಡಲಿನ ಮೇಲೆ ಬಂಡಲು ನೋಡುವಾಗ, ಅರ್ಥ ಸರಿಯಿದ್ದರೂ ಸ್ಪೆಲ್ಲಿಂಗ್ ತಪ್ಪಿದೆ ಎಂದು ಇಲ್ಲರ್ಧ ಅಲ್ಲರ್ಧ ಕಿತ್ತ ಅಂಕಗಳು ಎಷ್ಟು? ಅಂಥ ಹನ್ನೆರಡು ಅರ್ಧಗಳು ಸೇರಿದರೆ ಆರು ಅಂಕ. ಒಬ್ಬ ಹುಡುಗಿಯ ಓದು ನಿಲ್ಲಲು ಅಷ್ಟು ಸಾಕು.

ಹಾಗಾದರೆ ತಪ್ಪನ್ನು ತಿದ್ದಲೇಬಾರದೇ ಎಂದು ನೀವು ಕೇಳಬಹುದು. ತಿದ್ದಬೇಕು. ಔಷಧಿ ಚೀಟಿಯಲ್ಲಿ ಒಂದು ಅಕ್ಷರ ತಪ್ಪಿದರೆ ಪ್ರಾಣಕ್ಕೆ ಬರುತ್ತದೆ. ಆಸ್ತಿಪತ್ರದಲ್ಲಿ ಹೆಸರು ತಪ್ಪಿದರೆ ಕೋರ್ಟಿಗೆ ಅಲೆಯಬೇಕಾಗುತ್ತದೆ. ಕಲಿಯಲು ಬಂದ ಮಗುವನ್ನು ತಿದ್ದದೆ ಬಿಡುವುದು ದ್ರೋಹ. ಇಂದಿನ ದಿನದಲ್ಲಿ ಇಂಗ್ಲಿಷ್ ಬೇಡ ಎಂದು ಹೇಳುವಷ್ಟು ಹುಚ್ಚಿಯೂ ನಾನಲ್ಲ. ಆದರೆ ತಿದ್ದುವುದೇ ಬೇರೆ, ಸಿಡುಕುವುದೇ ಬೇರೆ. ತಿದ್ದುವಾಗ ಎದುರಿಗಿರುವವರು ಮುಖ್ಯ, ಸಿಡುಕುವಾಗ ನಾವೇ ಮುಖ್ಯ. ಸಿಡುಕಲೇಬೇಕೆಂದಿದ್ದರೆ, ಆ ತಪ್ಪು ಯಾರದು, ಅದರಿಂದ ನಷ್ಟ ಯಾರಿಗೆ ಎಂದಾದರೂ ನೋಡಬೇಕು. ನನ್ನ ಸಿಟ್ಟು ಇಷ್ಟು ವರ್ಷ ತಪ್ಪು ವಿಳಾಸಕ್ಕೆ ಹೋಗುತ್ತಿತ್ತು.

ಸರಿಯಾದ ವಿಳಾಸ ಈಚೆಗೆ ಸಿಕ್ಕಿದೆ. ನನ್ನ ಮಗಳ ಮಗ ಎರಡನೆಯ ತರಗತಿ, ಇಂಗ್ಲಿಷ್ ಮಾಧ್ಯಮ. ಅವನ ಶಾಲೆಯ ಹೆಸರು ಬೇಡ. ಅಲ್ಲಿ ಕನ್ನಡ ಮಾತನಾಡಿದರೆ ಸಲಕ್ಕೆ ಹತ್ತು ರೂಪಾಯಿ ದಂಡ. ಮೊನ್ನೆ ಆಟದ ಹೊತ್ತಿನಲ್ಲಿ ಬಿದ್ದು ಮಂಡಿ ತರಚಿಕೊಂಡು “ಅಯ್ಯೋ ಅಮ್ಮಾ” ಎಂದನಂತೆ. ಅದಕ್ಕೂ ದಂಡ ಬಿತ್ತು. (‘ಅಯ್ಯೋ’ ಎಂಬ ಉದ್ಗಾರಕ್ಕೆ 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲೇ ಜಾಗ ಸಿಕ್ಕಿದೆ. ನ್ಯಾಯವಾಗಿ ಐದು ರೂಪಾಯಿ ವಾಪಸು ಬರಬೇಕು!) ಅದೇ ವಾರ ಶಾಲೆಯಿಂದ ಪೋಷಕರಿಗೆ ಒಂದು ಸುತ್ತೋಲೆ ಬಂತು. ಒಂದೇ ಪುಟ, ಏಳು ತಪ್ಪು. ‘ಸೆಂಡ್’ ಇರಬೇಕಾದಲ್ಲಿ ‘ಸೆಂಟ್’. ಕೊನೆಗೆ ಸಹಿಯ ಕೆಳಗೆ ಮುಖ್ಯಸ್ಥರ ಹುದ್ದೆಯೇ ತಪ್ಪು: ಪ್ರಿನ್ಸಿಪಾಲ್ ಎಂಬುದು ‘ಎ, ಎಲ್’ ಎಂದು ಮುಗಿಯುವ ಬದಲು ‘ಎಲ್, ಇ’ ಎಂದು ಮುಗಿದಿತ್ತು. ಹಾಗೆ ಬರೆದರೆ ತತ್ವ, ನೀತಿ ಎಂದರ್ಥ. ಟೈಲರ್‌ಳ ಬೋರ್ಡಿನಲ್ಲಿ ಒಂದು ತಪ್ಪಿದೆ, ಅವಳು ಮಾರುವುದು ಹೊಲಿಗೆಯನ್ನು. ಇವರು ಮಾರುವುದು ಇಂಗ್ಲಿಷನ್ನೇ. ಅದಕ್ಕೆ ವರ್ಷಕ್ಕಿಷ್ಟು ಎಂದು ಮುಂಗಡ ತೆಗೆದುಕೊಳ್ಳುತ್ತಾರೆ, ಮೇಲೆ ಮಗುವಿನ ಬಾಯಿಂದ ಅದರದೇ ಭಾಷೆಯನ್ನು ಕಿತ್ತುಕೊಳ್ಳುತ್ತಾರೆ.

ಕೆಂಪು ಪೆನ್ನು ತೆಗೆದು ಏಳಕ್ಕೂ ಸುತ್ತುಹಾಕಿದೆ. ಶಾಲೆಗೆ ಹೋಗಿ ಮುಖದ ಮೇಲೆ ಹಿಡಿಯುತ್ತೇನೆ ಎಂದು ಸೀರೆಯನ್ನೂ ಬದಲಾಯಿಸಿದೆ. ಮಗಳು ಬಾಗಿಲಿಗೆ ಅಡ್ಡ ನಿಂತಳು. “ಅಮ್ಮಾ, ನೀನು ಬೈದು ಬಂದುಬಿಡ್ತೀಯ. ನಾಳೆಯಿಂದ ಅಲ್ಲಿ ಕೂತ್ಕೊಳ್ಳೋನು ಇವನು” ಎಂದಳು. ಅವಳ ಮಾತಿನಲ್ಲಿ ನಿಜವಿತ್ತು. ಏಳು ತಪ್ಪು ತೋರಿಸಿ ಅವರನ್ನು ನಾಚಿಸುವುದರಿಂದ ನನಗೆ ಖುಷಿಯಾಗುತ್ತಿತ್ತು, ಹುಡುಗನಿಗೆ ಏನೂ ಆಗುತ್ತಿರಲಿಲ್ಲ. ನನಗೆ ಬೇಕಾದದ್ದು ಸ್ಪೆಲ್ಲಿಂಗ್ ಸರಿಯಾಗುವುದೋ, ದಂಡ ನಿಲ್ಲುವುದೋ?

ಸುತ್ತೋಲೆಯನ್ನು ಮಡಚಿಟ್ಟೆ. ಬದಲಿಗೆ ಕನ್ನಡದಲ್ಲಿ ಒಂದು ಕಾಗದ ಬರೆದೆ. ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದವಳು ಎಂದು ಪರಿಚಯ ಹೇಳಿಕೊಂಡೆ. ಮನೆಯ ಮಾತು ಗಟ್ಟಿಯಿದ್ದ ಮಕ್ಕಳೇ ನನ್ನ ತರಗತಿಯಲ್ಲಿ ಇಂಗ್ಲಿಷನ್ನು ಚೆನ್ನಾಗಿ ಕಲಿತರು ಎಂಬ ನನ್ನ ಅನುಭವವನ್ನು ಬರೆದೆ. ಹೆದರಿದ ಮಗುವಿನ ಬಾಯಿಂದ ಯಾವ ಭಾಷೆಯೂ ಹೊರಡುವುದಿಲ್ಲ, ದಯವಿಟ್ಟು ಈ ದಂಡ ನಿಲ್ಲಿಸಿ, ಬೇಕಾದರೆ ವಾರಕ್ಕೆ ಎರಡು ದಿನ ಬಂದು ಮಕ್ಕಳಿಗೆ ಪುಕ್ಕಟೆ ಇಂಗ್ಲಿಷ್ ಹೇಳಿಕೊಡುತ್ತೇನೆ ಎಂದು ಮುಗಿಸಿದೆ. ಮಗಳು ಓದಿ, ತಾನೂ ಕೆಳಗೆ ಸಹಿ ಹಾಕಿದಳು.

ಕವರಿಗೆ ಹಾಕುವ ಮೊದಲು ಕಾಗದವನ್ನು ಟೈಲರ್ ಅಂಗಡಿಗೆ ಒಯ್ದೆ. “ಶ, ಷ ಎಲ್ಲ ಸರಿಯಿದೆಯಾ ನೋಡೇ ಮಾರಾಯ್ತಿ” ಎಂದೆ. ಅವಳು ಕೈಯಲ್ಲಿದ್ದ ಬಟ್ಟೆ ಬದಿಗಿಟ್ಟು ನಿಧಾನವಾಗಿ ಕೊನೆಯವರೆಗೆ ಓದಿದಳು. ಒಂದೇ ಒಂದು ತಪ್ಪಿತ್ತು. ‘ವಿದ್ಯಾರ್ಥಿ’ಯ ‘ದ್ಯ’ಕ್ಕೆ ಹೊಟ್ಟೆ ಸೀಳಿದ್ದೆ. ಅವಳು ನಗಲಿಲ್ಲ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅಲ್ಲೊಂದು ಸಣ್ಣ ಗೀಟು ಎಳೆದು, “ಇದೊಂದು ಸರಿ ಮಾಡಿಬಿಡಿ ಟೀಚರೇ, ಉಳಿದದ್ದೆಲ್ಲ ಚೆನ್ನಾಗಿದೆ” ಎಂದಳು.

ಉಳಿದದ್ದೆಲ್ಲ ಚೆನ್ನಾಗಿದೆ! ಮೂವತ್ತೊಂದು ವರ್ಷದಲ್ಲಿ ಯಾವ ಮಗುವಿನ ಪುಸ್ತಕದಲ್ಲೂ ನಾನು ಈ ಮಾತು ಬರೆದ ನೆನಪಿಲ್ಲ. ತಿದ್ದಿದೆ. ಕಾಗದವನ್ನು ಮರುದಿನ ನಾನೇ ಶಾಲೆಗೆ ಕೊಟ್ಟು ಬಂದೆ.